ಮೂರು ತಿಂಗಳಾದರೂ ಹೋಗದ ಸೊಂಟ ನೋವು: ಕಾರಣಗಳು ಏನಿರಬಹುದು?

ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಸೊಂಟ ಹಿಡಿದುಕೊಳ್ಳುತ್ತದೆ. ಸಂಜೆ ಕೆಲಸ ಮುಗಿಸುವ ಹೊತ್ತಿಗೆ ಬೆನ್ನಿನ ಕೆಳಭಾಗ ಕಲ್ಲಿನಂತಾಗಿರುತ್ತದೆ. ಮುಲಾಮು ಹಚ್ಚಿದ್ದಾಯಿತು, ಬಿಸಿನೀರಿನ ಚೀಲ ಇಟ್ಟದ್ದಾಯಿತು, ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿದ್ದೂ ಆಯಿತು. ನಾಲ್ಕು ದಿನ ಕಡಿಮೆಯಾದ ನೋವು ಮತ್ತೆ ಮರಳಿ ಬರುತ್ತದೆ. ಹೀಗೆ ತಿಂಗಳುಗಟ್ಟಲೆ ನಡೆದರೆ ಪ್ರಶ್ನೆಗಳು ಹುಟ್ಟುವುದು ಸಹಜ. ಡಿಸ್ಕ್ ಜಾರಿದೆಯೇ? ನರ ಒತ್ತಿದೆಯೇ? ಕಿಡ್ನಿಯಲ್ಲಿ ಕಲ್ಲಿದೆಯೇ? ಆಪರೇಷನ್ ಬೇಕಾಗುತ್ತದೆಯೇ?

ಈ ತೊಂದರೆಯಲ್ಲಿ ನೀವು ಒಬ್ಬಂಟಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನ ಕೆಳ ಬೆನ್ನಿನ ನೋವಿನಿಂದ ಬಳಲುತ್ತಿದ್ದರು. ಜನರ ದಿನನಿತ್ಯದ ಓಡಾಟಕ್ಕೂ ಕೆಲಸಕ್ಕೂ ಅಡ್ಡಿಯಾಗುವ ಕಾಯಿಲೆಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಸಮಾಧಾನದ ಸಂಗತಿಯೆಂದರೆ, ಹೆಚ್ಚಿನವರಲ್ಲಿ ಇದರ ಹಿಂದೆ ಅಪಾಯಕಾರಿ ರೋಗವೇನೂ ಇರುವುದಿಲ್ಲ. ಆದರೆ ಕೆಲವರಲ್ಲಿ ಇರುತ್ತದೆ, ಮತ್ತು ಅದನ್ನು ತಡವಾಗಿ ಗುರುತಿಸಿದರೆ ಸರಿಪಡಿಸಲಾಗದ ಹಾನಿಯಾಗಬಹುದು. ಈ ಎರಡರ ನಡುವಿನ ವ್ಯತ್ಯಾಸ ತಿಳಿಯಲು ಈ ಲೇಖನ ನಿಮಗೆ ನೆರವಾಗುತ್ತದೆ.

ದೀರ್ಘಕಾಲದ ನೋವು ಎಂದರೆ ಎಷ್ಟು ಕಾಲ?

ಕೊನೆಯ ಪಕ್ಕೆಲುಬಿನ ಕೆಳಗಿನಿಂದ ಪೃಷ್ಠದ ಮಡಿಕೆಯವರೆಗಿನ ಭಾಗದಲ್ಲಿ ಬರುವ ನೋವನ್ನು ಕೆಳ ಬೆನ್ನಿನ ನೋವು ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಅದೇ ಸೊಂಟ ನೋವು. ಭಾರ ಎತ್ತಿದಾಗ ಉಳುಕಿ ಬರುವ ನೋವು ಸಾಮಾನ್ಯವಾಗಿ ಆರು ವಾರದೊಳಗೆ ಬಹಳಷ್ಟು ಇಳಿಯುತ್ತದೆ. 12 ವಾರ, ಅಂದರೆ ಮೂರು ತಿಂಗಳು ಕಳೆದರೂ ನೋವು ಉಳಿದಿದ್ದರೆ ಅದು ದೀರ್ಘಕಾಲದ ನೋವು. ಪ್ರತಿದಿನವೂ ಒಂದೇ ಸಮನೆ ಇರಬೇಕೆಂದಿಲ್ಲ. ಹದಿನೈದು ದಿನ ಇದ್ದು, ಒಂದು ವಾರ ಬಿಟ್ಟು, ಮತ್ತೆ ಬರುವ ನೋವೂ ಇದೇ ಗುಂಪಿಗೆ ಸೇರುತ್ತದೆ.

ಸೊಂಟದ ಒಳಗೆ ಏನೇನಿದೆ?

ಕಾರಣಗಳನ್ನು ಅರ್ಥಮಾಡಿಕೊಳ್ಳಲು ಒಳಗಿನ ರಚನೆ ಸ್ವಲ್ಪ ಗೊತ್ತಿರಬೇಕು. ಕೆಳ ಬೆನ್ನಿನಲ್ಲಿ ಐದು ದೊಡ್ಡ ಕಶೇರು ಮೂಳೆಗಳಿವೆ. ರಿಪೋರ್ಟ್‌ನಲ್ಲಿ ಇವನ್ನು ಎಲ್1ರಿಂದ ಎಲ್5 ಎಂದು ಬರೆಯುತ್ತಾರೆ. ಇವುಗಳ ಕೆಳಗೆ ತ್ರಿಕಾಸ್ಥಿ ಇದೆ, ಅದರ ಮೊದಲ ಭಾಗ ಎಸ್1. ಎರಡು ಮೂಳೆಗಳ ನಡುವೆ ಮೆತ್ತೆಯಂತಿರುವುದೇ ಡಿಸ್ಕ್. ಅದರ ಹೊರಭಾಗ ಗಟ್ಟಿ ನಾರಿನ ಪದರ, ಒಳಭಾಗ ಜೆಲ್ಲಿಯಂಥ ತಿರುಳು. ಹಿಂಬದಿಯಲ್ಲಿ ಪ್ರತಿ ಮೂಳೆಯನ್ನು ಮತ್ತೊಂದಕ್ಕೆ ಜೋಡಿಸುವ ಫ್ಯಾಸೆಟ್ ಎಂಬ ಪುಟ್ಟ ಕೀಲುಗಳಿವೆ. ಬೆನ್ನುಮೂಳೆಯ ನಡುವಿನ ಕೊಳವೆಯಲ್ಲಿ ಬೆನ್ನುಹುರಿ ಎಲ್1ರ ಆಸುಪಾಸಿನಲ್ಲಿ ಮುಗಿದು, ಅಲ್ಲಿಂದ ಕೆಳಗೆ ಕುದುರೆ ಬಾಲದ ಕೂದಲಿನಂತೆ ನರಗಳ ಗೊಂಚಲು ಇಳಿಯುತ್ತದೆ. ಇವೆಲ್ಲವನ್ನೂ ಹಿಡಿದು ನಿಲ್ಲಿಸುವುದು ಸ್ನಾಯು ಮತ್ತು ಅಸ್ಥಿರಜ್ಜುಗಳು. ಇವುಗಳಲ್ಲಿ ಯಾವುದರಿಂದ ಬೇಕಾದರೂ ನೋವು ಹುಟ್ಟಬಹುದು.

ಸಾಮಾನ್ಯ ಕಾರಣಗಳು

1. ನಿರ್ದಿಷ್ಟ ಕಾರಣ ಸಿಗದ ನೋವು

ಕೆಳ ಬೆನ್ನಿನ ನೋವಿರುವ ಸುಮಾರು ಶೇ. 90 ಜನರಲ್ಲಿ ‘ಇದೇ ಜಾಗ, ಇದೇ ಕಾರಣ’ ಎಂದು ಯಾವ ಪರೀಕ್ಷೆಯೂ ಬೊಟ್ಟು ಮಾಡಿ ತೋರಿಸುವುದಿಲ್ಲ. ಹಾಗೆಂದರೆ ನೋವು ಸುಳ್ಳು ಎಂದಲ್ಲ. ದಣಿದ ಸ್ನಾಯು, ಬಿಗಿದ ಕೀಲು, ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂರುವುದು ಅಥವಾ ನಿಲ್ಲುವುದು, ವ್ಯಾಯಾಮದ ಕೊರತೆ, ನಿದ್ರೆಗೇಡು, ಆತಂಕ ಇವೆಲ್ಲ ಸೇರಿ ನೋವನ್ನು ಹುಟ್ಟಿಸಿ ಉಳಿಸಿಕೊಳ್ಳುತ್ತವೆ. ದಿನಕ್ಕೆ ಹತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂರುವ ಪುಣೆ, ಹೈದರಾಬಾದಿನ ಟೆಕ್ಕಿಗೂ, ಮುಂಬೈನ ಹೋಟೆಲಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಂತು ಭಾರದ ಪಾತ್ರೆ ಎತ್ತುವ ಅಡುಗೆಯವರಿಗೂ ಈ ಬಗೆಯ ನೋವು ಬರುತ್ತದೆ. ಇಡೀ ದಿನ ಅಲುಗಾಟದಲ್ಲೇ ಕೂರುವ ಬಸ್, ಲಾರಿ, ಆಟೋ ಚಾಲಕರಲ್ಲೂ ಇದು ಹೆಚ್ಚು.

2. ಡಿಸ್ಕ್ ತೊಂದರೆ ಮತ್ತು ಸಯಾಟಿಕಾ

ವಯಸ್ಸಾದಂತೆ ಡಿಸ್ಕ್‌ನ ನೀರಿನಂಶ ಕಡಿಮೆಯಾಗಿ ಅದು ತೆಳುವಾಗುತ್ತದೆ. ಕೆಲವೊಮ್ಮೆ ಹೊರ ಪದರ ಬಿರಿದು ಒಳಗಿನ ತಿರುಳು ಹೊರಚಾಚುತ್ತದೆ. ಜನ ‘ಡಿಸ್ಕ್ ಜಾರಿದೆ’ ಎನ್ನುವುದು ಇದಕ್ಕೇ. ಆದರೆ ಡಿಸ್ಕ್ ಸೋಪಿನಂತೆ ಜಾರಿ ಹೋಗುವುದಿಲ್ಲ, ಉಬ್ಬುತ್ತದೆ ಅಥವಾ ಬಿರಿಯುತ್ತದೆ ಅಷ್ಟೆ. ಹೆಚ್ಚಾಗಿ ಎಲ್4-ಎಲ್5 ಮತ್ತು ಎಲ್5-ಎಸ್1 ಡಿಸ್ಕ್‌ಗಳಲ್ಲಿ ಹೀಗಾಗುತ್ತದೆ.

ಚಾಚಿದ ಭಾಗ ನರವನ್ನು ಒತ್ತಿದರೆ ಅಥವಾ ಕೆರಳಿಸಿದರೆ ಪೃಷ್ಠದಿಂದ ತೊಡೆಯ ಹಿಂಭಾಗ, ಮೊಣಕಾಲಿನ ಕೆಳಗೆ, ಪಾದದವರೆಗೂ ಕರೆಂಟ್ ಹೊಡೆದಂತೆ ನೋವು ಇಳಿಯುತ್ತದೆ. ಇದೇ ಸಯಾಟಿಕಾ. ಕೆಮ್ಮಿದಾಗ, ಸೀನಿದಾಗ, ಮುಂದಕ್ಕೆ ಬಗ್ಗಿದಾಗ ನೋವು ಜಾಸ್ತಿಯಾಗುತ್ತದೆ. ಇದರಲ್ಲಿ ಸೊಂಟಕ್ಕಿಂತ ಕಾಲಿನ ನೋವೇ ಹೆಚ್ಚು ಕಾಡುತ್ತದೆ. ಹೀಗೆ ಚಾಚಿದ ಡಿಸ್ಕ್‌ಗಳಲ್ಲಿ ಬಹಳಷ್ಟು ಕೆಲವು ತಿಂಗಳಲ್ಲಿ ತಾವಾಗಿಯೇ ಕುಗ್ಗುತ್ತವೆ. ಆದ್ದರಿಂದ ಡಿಸ್ಕ್ ತೊಂದರೆ ಎಂದಾಕ್ಷಣ ಆಪರೇಷನ್ ಎಂದು ಭಾವಿಸಬೇಕಿಲ್ಲ.

3. ಕೀಲುಗಳ ಸವೆತ

ಫ್ಯಾಸೆಟ್ ಕೀಲುಗಳು ಸವೆದಾಗ ಬೆನ್ನನ್ನು ಹಿಂದಕ್ಕೆ ಬಾಗಿಸಿದರೆ, ತಿರುಗಿಸಿದರೆ, ಬಹಳ ಹೊತ್ತು ನಿಂತರೆ ನೋವು ಹೆಚ್ಚುತ್ತದೆ. ಬೆನ್ನುಮೂಳೆ ಮತ್ತು ಸೊಂಟದ ಮೂಳೆ ಸೇರುವ ಸ್ಯಾಕ್ರೋಇಲಿಯಾಕ್ ಕೀಲಿನ ನೋವು ಒಂದು ಕಡೆಯ ಪೃಷ್ಠದ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಗರ್ಭಿಣಿಯರಲ್ಲಿ ಮತ್ತು ಹೆರಿಗೆಯ ನಂತರ ಇದು ಸಾಮಾನ್ಯ.

4. ನರಗಳ ದಾರಿ ಕಿರಿದಾಗುವುದು

50-60 ದಾಟಿದವರಲ್ಲಿ ಮೂಳೆ ಬೆಳೆದು, ಅಸ್ಥಿರಜ್ಜು ದಪ್ಪವಾಗಿ, ನರಗಳು ಹಾದುಹೋಗುವ ಕೊಳವೆ ಕಿರಿದಾಗಬಹುದು. ಇದಕ್ಕೆ ಸ್ಪೈನಲ್ ಸ್ಟೆನೋಸಿಸ್ ಎನ್ನುತ್ತಾರೆ. ಸ್ವಲ್ಪ ದೂರ ನಡೆಯುವಷ್ಟರಲ್ಲಿ ಎರಡೂ ಕಾಲು ಭಾರವಾಗಿ, ಜೋಮು ಹಿಡಿದು, ನಿಲ್ಲಬೇಕೆನಿಸುತ್ತದೆ. ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಆರಾಮ. ಮಾರುಕಟ್ಟೆಯಲ್ಲಿ ತಳ್ಳುಗಾಡಿ ಹಿಡಿದು ಬಾಗಿ ನಡೆದರೆ ನೋವಿಲ್ಲ, ನೆಟ್ಟಗೆ ನಡೆದರೆ ನೋವು ಎನ್ನುವ ಹಿರಿಯರಿದ್ದರೆ ಈ ಕಾರಣವನ್ನು ನೆನಪಿಡಿ. ಕಾಲಿನ ರಕ್ತನಾಳ ಕಟ್ಟಿಕೊಂಡರೂ ನಡೆಯುವಾಗ ಕಾಲು ನೋಯುತ್ತದೆ. ಆದರೆ ಆ ನೋವು ಬಾಗದೆ, ಸುಮ್ಮನೆ ನಿಂತರೂ ಕಡಿಮೆಯಾಗುತ್ತದೆ. ಮಧುಮೇಹಿಗಳು ಮತ್ತು ಧೂಮಪಾನಿಗಳಲ್ಲಿ ಎರಡನ್ನೂ ಪರೀಕ್ಷಿಸಬೇಕಾಗುತ್ತದೆ.

5. ಮೂಳೆ ಮುಂದಕ್ಕೆ ಸರಿಯುವುದು

ಒಂದು ಕಶೇರು ಮೂಳೆ ಇನ್ನೊಂದರ ಮೇಲೆ ಮುಂದಕ್ಕೆ ಸರಿದರೆ ಅದು ಸ್ಪಾಂಡಿಲೋಲಿಸ್ಥೆಸಿಸ್. ಮಧ್ಯವಯಸ್ಸು ದಾಟಿದ ಮಹಿಳೆಯರಲ್ಲಿ ಕೀಲು ಸವೆದು ಹೀಗಾಗುವುದು ಹೆಚ್ಚು. ಹದಿಹರೆಯದವರಲ್ಲಿ ಮೂಳೆಯ ಹಿಂಭಾಗದಲ್ಲಿ ಪದೇ ಪದೇ ಒತ್ತಡ ಬಿದ್ದು ಕೂದಲೆಳೆಯಂಥ ಬಿರುಕು ಮೂಡುವುದು ಇದಕ್ಕೆ ದಾರಿಯಾಗಬಹುದು. ವೇಗದ ಬೌಲರ್‌ಗಳು, ಜಿಮ್ನಾಸ್ಟಿಕ್ಸ್ ಮಾಡುವವರು ಮತ್ತು ಬೆನ್ನನ್ನು ಬಹಳ ಹಿಂದಕ್ಕೆ ಬಾಗಿಸುವ ನೃತ್ಯಪಟುಗಳಲ್ಲಿ ಇಂಥ ಬಿರುಕು ಕಾಣುತ್ತದೆ. 2019ರಲ್ಲಿ ಜಸ್ಪ್ರೀತ್ ಬುಮ್ರಾ ಆಟದಿಂದ ಹೊರಗುಳಿದದ್ದೂ ಕೆಳ ಬೆನ್ನಿನ ಇಂಥ ಒತ್ತಡದ ಬಿರುಕಿನಿಂದಲೇ. ಕ್ರಿಕೆಟ್ ಅಕಾಡೆಮಿಗೆ ಹೋಗುವ ಮಗ ಅಥವಾ ಮಗಳು ಬೌಲಿಂಗ್ ಮಾಡುವಾಗ ಸೊಂಟ ನೋವು ಎಂದರೆ ‘ಬೆಳೆಯುವ ವಯಸ್ಸಿನ ನೋವು’ ಎಂದು ತಳ್ಳಿಹಾಕಬೇಡಿ.

ಕಡೆಗಣಿಸಬಾರದ ಕಾರಣಗಳು

ಇವು ಅಷ್ಟು ಸಾಮಾನ್ಯವಲ್ಲ. ಆದರೆ ತಿಂಗಳುಗಟ್ಟಲೆ ಮಾತ್ರೆ, ಮುಲಾಮುಗಳಲ್ಲೇ ಕಾಲ ಕಳೆದರೆ ಹಾನಿಯಾಗುವುದು ಇವುಗಳಲ್ಲಿ.

ಬೆನ್ನುಮೂಳೆಯ ಕ್ಷಯ

ಟಿಬಿ ಎಂದರೆ ಕೆಮ್ಮು, ಕಫ ಎಂದಷ್ಟೇ ನಾವು ತಿಳಿದಿರುತ್ತೇವೆ. ಮೂಳೆಗೂ ಕ್ಷಯ ಬರುತ್ತದೆ, ಮತ್ತು ಮೂಳೆಯ ಕ್ಷಯದಲ್ಲಿ ಸುಮಾರು ಅರ್ಧದಷ್ಟು ಬೆನ್ನುಮೂಳೆಯಲ್ಲೇ ಕಾಣಿಸುತ್ತದೆ. 1779ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಇದನ್ನು ವಿವರಿಸಿದ್ದರಿಂದ ಇದಕ್ಕೆ ಪಾಟ್ಸ್ ಡಿಸೀಸ್ ಎಂಬ ಹೆಸರಿದೆ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲಿದ್ದಾರೆ. ಹಾಗಾಗಿ ನಮ್ಮ ದೇಶದಲ್ಲಿ ವಾಸಿಯಾಗದ ಬೆನ್ನು ನೋವಿನ ಪಟ್ಟಿಯಿಂದ ಇದನ್ನು ಬಿಡುವಂತಿಲ್ಲ.

ನೋವು ನಿಧಾನವಾಗಿ ಶುರುವಾಗಿ ವಾರದಿಂದ ವಾರಕ್ಕೆ ಹೆಚ್ಚುತ್ತದೆ. ಮಲಗಿದರೂ ಹೋಗುವುದಿಲ್ಲ. ಸಂಜೆಯ ಸಣ್ಣ ಜ್ವರ, ರಾತ್ರಿ ಬೆವರು, ಹಸಿವಿಲ್ಲದಿರುವುದು, ತೂಕ ಇಳಿಯುವುದು ಜೊತೆಗಿರಬಹುದು. ಆದರೆ ಜ್ವರ, ಕೆಮ್ಮು ಎರಡೂ ಇಲ್ಲದೆ ಬೆನ್ನು ನೋವೊಂದೇ ಇರುವವರೂ ಇದ್ದಾರೆ. ಗುರುತಿಸದೆ ಬಿಟ್ಟರೆ ಮೂಳೆ ಕುಸಿದು ಗೂನು ಬರಬಹುದು, ಕಾಲುಗಳು ಸೋಲಬಹುದು. ಸಕಾಲದಲ್ಲಿ ಔಷಧಿ ಶುರುಮಾಡಿ, ಸಾಮಾನ್ಯವಾಗಿ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬಿಡದೆ ತೆಗೆದುಕೊಂಡರೆ ಹೆಚ್ಚಿನವರು ಗುಣವಾಗುತ್ತಾರೆ. ಔಷಧಿ ಸರ್ಕಾರದಿಂದ ಉಚಿತ. ನೀವು ಯಾವ ರಾಜ್ಯದಲ್ಲಿದ್ದರೂ ಕೇಂದ್ರ ಸರ್ಕಾರದ ನಿಕ್ಷಯ್ ಸಹಾಯವಾಣಿ 1800-11-6666ಕ್ಕೆ ಕರೆ ಮಾಡಬಹುದು. ಶ್ವಾಸಕೋಶದಲ್ಲಿ ಕ್ಷಯ ಇಲ್ಲದೆ ಬೆನ್ನುಮೂಳೆಯಲ್ಲಿ ಮಾತ್ರ ಇದ್ದರೆ ಅದು ಮನೆಯವರಿಗೆ ಹರಡುವುದಿಲ್ಲ. ರೋಗಿಯನ್ನು ದೂರವಿಡುವ ಅಗತ್ಯವಿಲ್ಲ.

ಹಸಿ ಹಾಲು ಕುಡಿಯುವವರಲ್ಲಿ ಮತ್ತು ದನ, ಆಡು, ಕುರಿಗಳ ಒಡನಾಟವಿರುವವರಲ್ಲಿ ಬ್ರುಸೆಲ್ಲೋಸಿಸ್ ಎಂಬ ಸೋಂಕು ಕೂಡ ಬಿಟ್ಟು ಬಿಟ್ಟು ಬರುವ ಜ್ವರ ಮತ್ತು ಬೆನ್ನು ನೋವು ತರುತ್ತದೆ. ರಜೆಗೆ ಊರಿಗೆ ಹೋಗಿ ಕಾಯಿಸದ ಹಾಲು ಕುಡಿದಿದ್ದರೆ, ದನಗಳ ಆರೈಕೆ ಮಾಡಿದ್ದರೆ ವೈದ್ಯರಿಗೆ ತಿಳಿಸಿ.

ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್

ಇದು ದೇಹದ ರೋಗನಿರೋಧಕ ಶಕ್ತಿಯೇ ಬೆನ್ನಿನ ಕೀಲುಗಳಲ್ಲಿ ಉರಿಯೂತ ಉಂಟುಮಾಡುವ ಕಾಯಿಲೆ. 45 ವರ್ಷದೊಳಗೆ, ಹೆಚ್ಚಾಗಿ ಇಪ್ಪತ್ತರ ಹರೆಯದಲ್ಲಿ ಶುರುವಾಗುತ್ತದೆ. ಇದರ ಗುರುತುಗಳು ಸಾಮಾನ್ಯ ಬೆನ್ನು ನೋವಿಗೆ ಪೂರ್ತಿ ವಿರುದ್ಧ:

• ವಿಶ್ರಾಂತಿಯಿಂದ ನೋವು ಹೆಚ್ಚುತ್ತದೆ, ನಡೆದಾಡಿದರೆ ಕಡಿಮೆಯಾಗುತ್ತದೆ.
• ಬೆಳಿಗ್ಗೆ ಎದ್ದ ಮೇಲೆ ಅರ್ಧ ಗಂಟೆಗೂ ಹೆಚ್ಚು ಕಾಲ ಬೆನ್ನು ಮರಗಟ್ಟಿದಂತಿರುತ್ತದೆ.
• ರಾತ್ರಿಯ ಎರಡನೇ ಭಾಗದಲ್ಲಿ ನೋವಿನಿಂದ ಎಚ್ಚರವಾಗುತ್ತದೆ.
• ಒಮ್ಮೆ ಎಡ, ಒಮ್ಮೆ ಬಲ ಪೃಷ್ಠದಲ್ಲಿ ನೋವು ಬರುತ್ತದೆ.
• ಕೆಲವರಿಗೆ ಕಣ್ಣು ಕೆಂಪಾಗಿ ನೋಯುವುದು, ಸೋರಿಯಾಸಿಸ್ ಅಥವಾ ಕರುಳಿನ ಉರಿಯೂತ ಜೊತೆಗಿರುತ್ತದೆ.

‘ಕೂತು ಕೆಲಸ ಮಾಡುತ್ತೀಯಲ್ಲ, ಅದಕ್ಕೇ’ ಎಂಬ ಮಾತಿನಲ್ಲಿ ಎಷ್ಟೋ ಯುವಕ ಯುವತಿಯರ ರೋಗನಿರ್ಣಯ ವರ್ಷಗಟ್ಟಲೆ ತಡವಾಗುತ್ತದೆ. ಅಷ್ಟರಲ್ಲಿ ಬೆನ್ನುಮೂಳೆಗಳು ಒಂದಕ್ಕೊಂದು ಬೆಸೆದುಕೊಂಡು ಬಾಗಲಾರದಂತಾಗಬಹುದು. ಎಚ್‌ಎಲ್‌ಎ-ಬಿ27 ರಕ್ತಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ಈ ಕಾಯಿಲೆ ಇದೆ ಎಂದರ್ಥವಲ್ಲ. ಲಕ್ಷಣ, ಸ್ಕ್ಯಾನ್, ರಕ್ತಪರೀಕ್ಷೆ ಎಲ್ಲವನ್ನೂ ಸೇರಿಸಿ ನಿರ್ಧರಿಸುವವರು ರುಮಟಾಲಜಿಸ್ಟ್. ಈಗ ಇದಕ್ಕೆ ಪರಿಣಾಮಕಾರಿ ಔಷಧಿಗಳಿವೆ.

ಮೂಳೆ ಸವಕಲಾಗುವುದು, ಮೂಳೆ ಮೆದುವಾಗುವುದು

ಮುಟ್ಟು ನಿಂತ ಮಹಿಳೆಯರು, ವಯಸ್ಸಾದ ಪುರುಷರು ಮತ್ತು ಆಸ್ತಮಾ, ಸಂಧಿವಾತ ಮುಂತಾದವುಗಳಿಗೆ ಬಹಳ ಕಾಲ ಸ್ಟೆರಾಯ್ಡ್ ಮಾತ್ರೆ ತೆಗೆದುಕೊಂಡವರಲ್ಲಿ ಮೂಳೆಯ ಸಾಂದ್ರತೆ ಇಳಿಯುತ್ತದೆ. ಇದು ಆಸ್ಟಿಯೋಪೊರೋಸಿಸ್. ಬಕೆಟ್ ಎತ್ತಿದಾಗ, ಬಸ್ಸು ಹಂಪ್ ಹಾರಿದಾಗ, ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆ ಕಶೇರು ಮೂಳೆ ಕುಸಿಯಬಹುದು. ಎತ್ತರ ಕಡಿಮೆಯಾಗುವುದು ಮತ್ತು ಬೆನ್ನು ಬಾಗುವುದು ಇದರ ಸುಳಿವುಗಳು. ಅಮ್ಮನ ಸೀರೆ ಈಚೆಗೆ ನೆಲಕ್ಕೆ ಎಳೆಯುತ್ತಿದೆ ಎನಿಸಿದರೆ ಡೆಕ್ಸಾ ಸ್ಕ್ಯಾನ್ ಬಗ್ಗೆ ವೈದ್ಯರನ್ನು ಕೇಳಿ.

ವಿಟಮಿನ್ ಡಿ ತೀರಾ ಕಡಿಮೆಯಾದರೆ ಮೂಳೆ ಮೆದುವಾಗಿ ಸೊಂಟ, ತೊಡೆ, ಪಕ್ಕೆಗಳಲ್ಲಿ ಮಂದ ನೋವು ಬರುತ್ತದೆ. ಮೆಟ್ಟಿಲು ಹತ್ತುವುದು, ನೆಲದಿಂದ ಏಳುವುದು ಕಷ್ಟವಾಗುತ್ತದೆ. ಬಿಸಿಲೇ ಬೀಳದ ಫ್ಲ್ಯಾಟ್ ಮತ್ತು ಎಸಿ ಆಫೀಸಿನ ನಡುವೆ ಓಡಾಡುವ ನಗರವಾಸಿಗಳಲ್ಲಿ ಈ ಕೊರತೆ ಬಹಳ ಸಾಮಾನ್ಯ. ಹಾಗೆಂದು ಪ್ರತಿ ಸೊಂಟ ನೋವಿಗೂ ಅದೇ ಕಾರಣವಲ್ಲ. ವಾರಕ್ಕೊಮ್ಮೆ ನುಂಗುವ 60,000 ಯೂನಿಟ್‌ನ ಮಾತ್ರೆಯನ್ನು ವೈದ್ಯರು ಹೇಳಿದ ವಾರಗಳಷ್ಟು ಮಾತ್ರ ತೆಗೆದುಕೊಳ್ಳಿ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟಾಗುತ್ತದೆ.

ಕ್ಯಾನ್ಸರ್

ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಕಿಡ್ನಿ, ಥೈರಾಯ್ಡ್ ಕ್ಯಾನ್ಸರ್‌ಗಳು ಬೆನ್ನುಮೂಳೆಗೆ ಹರಡಬಹುದು. ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ಮೊದಲು ಬೆನ್ನು ನೋವು ಮತ್ತು ರಕ್ತಹೀನತೆಯಾಗಿಯೇ ಕಾಣಿಸಿಕೊಳ್ಳಬಹುದು. ಬೆನ್ನು ನೋವಿರುವವರಲ್ಲಿ ಕ್ಯಾನ್ಸರ್ ಅಪರೂಪ. ಆದರೆ ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬೆನ್ನು ನೋವು ಬಂದರೆ ಕಾಯದೆ ವೈದ್ಯರಿಗೆ ತೋರಿಸಬೇಕು.

ನೋವು ಸೊಂಟದಲ್ಲಿ, ಮೂಲ ಬೇರೆಡೆ

• ಕಿಡ್ನಿ: ಕಲ್ಲಿನ ನೋವು ಒಂದು ಪಕ್ಕೆಯಿಂದ ತೊಡೆಸಂದಿನ ಕಡೆಗೆ ಅಲೆಅಲೆಯಾಗಿ ಬರುತ್ತದೆ. ಯಾವ ಭಂಗಿಯಲ್ಲೂ ಆರಾಮವಿರುವುದಿಲ್ಲ. ಜ್ವರ, ಚಳಿ, ಉರಿಮೂತ್ರ ಜೊತೆಗಿದ್ದರೆ ಸೋಂಕು ಇರಬಹುದು.
• ಗರ್ಭಕೋಶ ಮತ್ತು ಅಂಡಾಶಯ: ಮುಟ್ಟಿನ ಹೊತ್ತಿಗೆ ಹೆಚ್ಚಾಗಿ ನಂತರ ಇಳಿಯುವ ನೋವು ಎಂಡೋಮೆಟ್ರಿಯೋಸಿಸ್‌ನ ಸುಳಿವಾಗಬಹುದು. ದೊಡ್ಡ ಫೈಬ್ರಾಯ್ಡ್ ಕೂಡ ಸೊಂಟ ನೋವು ತರುತ್ತದೆ.
• ಹೊಟ್ಟೆ: ಮೇದೋಜೀರಕ ಗ್ರಂಥಿಯ ತೊಂದರೆಯ ನೋವು ಮೇಲ್ಹೊಟ್ಟೆಯಿಂದ ಬೆನ್ನಿಗೆ ಹಾಯುತ್ತದೆ. ಧೂಮಪಾನ ಮಾಡುವ ಹಿರಿಯರಲ್ಲಿ ಹೊಟ್ಟೆಯ ಮಹಾಪಧಮನಿ ಉಬ್ಬಿದರೂ ಬೆನ್ನು ನೋಯಬಹುದು.
• ತೊಡೆಯ ಕೀಲು: ಈ ಕೀಲು ಕೆಟ್ಟರೆ ನೋವು ಹೆಚ್ಚಾಗಿ ತೊಡೆಸಂದಿನಲ್ಲಿರುತ್ತದೆ. ಚಕ್ಕಳಮಕ್ಕಳ ಹಾಕಿ ಕೂರಲು, ಚಪ್ಪಲಿ ಹಾಕಲು ಕಷ್ಟವಾಗುತ್ತದೆ.

ಗಾಯ ಮಾಗಿದರೂ ನೋವು ಏಕೆ ಉಳಿಯುತ್ತದೆ?

ನೋವು ಒಂದು ಎಚ್ಚರಿಕೆಯ ಗಂಟೆ. ಬಹಳ ಕಾಲ ಬಾರಿಸಿದ ಗಂಟೆ ಸಣ್ಣ ತಾಗುವಿಕೆಗೂ ಮೊಳಗುವಷ್ಟು ಸೂಕ್ಷ್ಮವಾಗಬಹುದು. ತಿಂಗಳುಗಟ್ಟಲೆ ನೋವು ಅನುಭವಿಸಿದ ನರವ್ಯೂಹದಲ್ಲೂ ಇದೇ ಆಗುತ್ತದೆ. ಮೂಲ ಪೆಟ್ಟು ವಾಸಿಯಾಗಿದ್ದರೂ ಮೆದುಳು ಮತ್ತು ಬೆನ್ನುಹುರಿ ಸಾಮಾನ್ಯ ಚಲನೆಯನ್ನೂ ನೋವೆಂದು ಓದುತ್ತವೆ.

ನಿದ್ರೆ ಕೆಟ್ಟರೆ ನೋವು ಹೆಚ್ಚುತ್ತದೆ, ನೋವು ಹೆಚ್ಚಿದರೆ ನಿದ್ರೆ ಕೆಡುತ್ತದೆ. ಖಿನ್ನತೆ, ಕೆಲಸದ ಒತ್ತಡ, ಮನೆಯ ಚಿಂತೆ ಇದನ್ನು ಉಲ್ಬಣಿಸುತ್ತವೆ. ‘ಬಗ್ಗಿದರೆ ಡಿಸ್ಕ್ ಹೋಗಿಬಿಡುತ್ತದೆ’ ಎಂಬ ಹೆದರಿಕೆಯಿಂದ ಓಡಾಟ ನಿಲ್ಲಿಸಿದರೆ ಸ್ನಾಯುಗಳು ಸೊರಗಿ ನೋವು ಇನ್ನಷ್ಟು ಗಟ್ಟಿಯಾಗುತ್ತದೆ. ವೈದ್ಯರು ನಿಮ್ಮ ನಿದ್ರೆ, ಮನಸ್ಸಿನ ಬಗ್ಗೆ ಕೇಳಿದರೆ ‘ನನಗೆ ಹುಚ್ಚೆಂದುಕೊಂಡರೇ?’ ಎಂದು ಬೇಸರಿಸಬೇಡಿ. ಅದು ಚಿಕಿತ್ಸೆಯ ಭಾಗ.

ಇವುಗಳಲ್ಲಿ ಒಂದಿದ್ದರೂ ತಡಮಾಡಬೇಡಿ

ಕೂಡಲೇ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಬೇಕಾದದ್ದು:

• ಮೂತ್ರ ಕಟ್ಟಿಕೊಳ್ಳುವುದು, ಮೂತ್ರ ಅಥವಾ ಮಲ ಅರಿವಿಲ್ಲದೆ ಹೋಗುವುದು
• ಜನನಾಂಗ, ಗುದದ್ವಾರ, ಒಳತೊಡೆಯ ಸುತ್ತ ಸ್ಪರ್ಶ ಗೊತ್ತಾಗದಿರುವುದು
• ಕಾಲು ಅಥವಾ ಪಾದದ ಬಲ ಕುಂದುತ್ತಾ ಹೋಗುವುದು, ನಡೆಯುವಾಗ ಚಪ್ಪಲಿ ಜಾರುವುದು
• ಬಿದ್ದ ಅಥವಾ ಅಪಘಾತದ ನಂತರದ ತೀವ್ರ ನೋವು

ಮೊದಲ ಎರಡು ಲಕ್ಷಣಗಳು ಕೆಳಗಿನ ನರಗಳ ಗೊಂಚಲೇ ಒತ್ತಿಹೋಗಿದೆ ಎಂಬುದರ ಸೂಚನೆ. ಇಲ್ಲಿ ಗಂಟೆಗಳು ಮುಖ್ಯ. ತಡವಾಗಿ ಆಪರೇಷನ್ ಮಾಡಿದರೆ ಮೂತ್ರದ ಹಿಡಿತ ಮರಳಿ ಬಾರದೇ ಇರಬಹುದು.

ಕೆಲವೇ ದಿನಗಳಲ್ಲಿ ವೈದ್ಯರನ್ನು ಕಾಣಬೇಕಾದದ್ದು:

• ಜ್ವರ, ರಾತ್ರಿ ಬೆವರು, ಪ್ರಯತ್ನವಿಲ್ಲದೆ ತೂಕ ಇಳಿಕೆ
• ಹಿಂದೆ ಕ್ಯಾನ್ಸರ್ ಅಥವಾ ಕ್ಷಯ ಆಗಿರುವುದು, ಎಚ್‌ಐವಿ ಅಥವಾ ರೋಗನಿರೋಧಕ ಶಕ್ತಿ ಕುಂದಿಸುವ ಔಷಧಿ
• ಮಲಗಿದರೂ ಬಿಡದ, ದಿನದಿಂದ ದಿನಕ್ಕೆ ಏರುವ ನೋವು
• 20 ವರ್ಷದೊಳಗಿನವರಲ್ಲಿ ಉಳಿದುಕೊಂಡ ನೋವು, ಅಥವಾ 50 ದಾಟಿದ ಮೇಲೆ ಮೊದಲ ಬಾರಿಗೆ ಬಂದ ನೋವು

ವೈದ್ಯರ ಬಳಿ ಹೇಗೆ ಹೇಳುವುದು?

ಬೇರೆ ರಾಜ್ಯದಲ್ಲಿರುವ ಕನ್ನಡಿಗರಿಗೆ ಇದೊಂದು ನಿಜವಾದ ತೊಡಕು. ‘ಸೊಂಟ ನೋವು’ ಎಂಬುದನ್ನು ಇಂಗ್ಲಿಷಿಗೆ ತಿರುಗಿಸಿ ‘ಹಿಪ್ ಪೇನ್’ ಎಂದರೆ ವೈದ್ಯರು ತೊಡೆಯ ಕೀಲನ್ನು ಪರೀಕ್ಷಿಸಲು ಹೊರಡಬಹುದು. ‘ಲೋ ಬ್ಯಾಕ್ ಪೇನ್’ ಎನ್ನಿ. ಹಿಂದಿಯಲ್ಲಿ ‘ಕಮರ್ ದರ್ದ್’, ಮರಾಠಿಯಲ್ಲಿ ‘ಕಂಬರದುಖಿ’, ತೆಲುಗಿನಲ್ಲಿ ‘ನಡುಮು ನೊಪ್ಪಿ’, ತಮಿಳಿನಲ್ಲಿ ‘ಇಡುಪ್ಪು ವಲಿ’ ಎಂದರೆ ಅರ್ಥವಾಗುತ್ತದೆ. ಆದರೂ ಕೈಯಿಂದ ಜಾಗವನ್ನು ಮುಟ್ಟಿ ತೋರಿಸುವುದೇ ಉತ್ತಮ. ಊರಿನಿಂದ ಬಂದ ಹಿರಿಯರನ್ನು ಕರೆದೊಯ್ದಾಗ ಮೂತ್ರ, ಮಲ, ಮುಟ್ಟಿನ ಪ್ರಶ್ನೆಗಳನ್ನು ನಾಚಿಕೆಯಿಂದ ಅನುವಾದಿಸದೆ ಬಿಡಬೇಡಿ. ರೋಗನಿರ್ಣಯ ಕೆಲವೊಮ್ಮೆ ಆ ಒಂದು ಉತ್ತರದಲ್ಲೇ ಇರುತ್ತದೆ.

ಹೋಗುವ ಮುಂಚೆ ಇವನ್ನು ಬರೆದುಕೊಳ್ಳಿ: ನೋವು ಯಾವಾಗ ಶುರುವಾಯಿತು, ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ, ಕೂತರೆ ಆರಾಮವೋ ನಡೆದರೆ ಆರಾಮವೋ, ಕಾಲಿಗೆ ಇಳಿಯುತ್ತದೆಯೋ, ರಾತ್ರಿ ಎಬ್ಬಿಸುತ್ತದೆಯೋ, ಈವರೆಗೆ ಯಾವ ಮಾತ್ರೆ ಎಷ್ಟು ದಿನ ತೆಗೆದುಕೊಂಡಿದ್ದೀರಿ.

ಎಂಆರ್‌ಐ ಎಲ್ಲರಿಗೂ ಬೇಕೇ?

ಬೇಡ. ಮೇಲೆ ಹೇಳಿದ ಅಪಾಯದ ಲಕ್ಷಣಗಳಿದ್ದರೆ, ಅಥವಾ ಕಾಲಿಗೆ ಇಳಿಯುವ ನೋವು ಆರು ವಾರದ ಚಿಕಿತ್ಸೆಗೂ ಬಗ್ಗದಿದ್ದರೆ ಎಂಆರ್‌ಐ ಉಪಯುಕ್ತ. ಉಳಿದವರಲ್ಲಿ ಅದು ಗೊಂದಲವನ್ನೇ ಹೆಚ್ಚಿಸಬಹುದು. ಬೆನ್ನು ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, 20 ವರ್ಷದವರಲ್ಲಿ ಶೇ. 37 ಮತ್ತು 80 ವರ್ಷದವರಲ್ಲಿ ಶೇ. 96 ಜನರಿಗೆ ಡಿಸ್ಕ್ ಸವೆತ ಕಂಡಿತ್ತು. 20ರ ವಯಸ್ಸಿನಲ್ಲೇ ಶೇ. 30 ಜನರಿಗೆ ಡಿಸ್ಕ್ ಉಬ್ಬಿತ್ತು. ಅಂದರೆ ‘ಡಿಸ್ಕ್ ಬಲ್ಜ್’, ‘ಡಿಜನರೇಶನ್’ ಎಂದು ರಿಪೋರ್ಟ್‌ನಲ್ಲಿ ಬರೆದಿರುವುದು ಎಷ್ಟೋ ಸಲ ತಲೆಗೂದಲು ನರೆತಷ್ಟೇ ಸಹಜ. ಅದೇ ನಿಮ್ಮ ನೋವಿಗೆ ಕಾರಣ ಎಂದು ರಿಪೋರ್ಟ್ ಒಂದರಿಂದಲೇ ಹೇಳಲಾಗದು. ಲಕ್ಷಣ, ದೇಹಪರೀಕ್ಷೆ, ಸ್ಕ್ಯಾನ್ ಮೂರೂ ತಾಳೆಯಾದರೆ ಮಾತ್ರ ಅದಕ್ಕೆ ಬೆಲೆ. ಸೋಂಕು ಅಥವಾ ಉರಿಯೂತದ ಅನುಮಾನವಿದ್ದರೆ ಇಎಸ್ಆರ್, ಸಿಆರ್‌ಪಿಯಂಥ ಅಗ್ಗದ ರಕ್ತಪರೀಕ್ಷೆಗಳು ಮೊದಲ ಸುಳಿವು ನೀಡುತ್ತವೆ.

ಏನು ನೆರವಾಗುತ್ತದೆ?

ನಿರ್ದಿಷ್ಟ ರೋಗ ಸಿಕ್ಕರೆ ಅದಕ್ಕೆ ತಕ್ಕ ಚಿಕಿತ್ಸೆ ಇದೆ. ಸಿಗದಿದ್ದರೆ ಮುಖ್ಯ ಔಷಧಿ ಚಲನೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವ್ಯಾಯಾಮ, ರೋಗಿಗೆ ತಿಳಿವಳಿಕೆ ನೀಡುವುದು ಮತ್ತು ಮಾನಸಿಕ ನೆರವಿಗೆ ಒತ್ತು ಕೊಟ್ಟಿದೆ. ಸೊಂಟದ ಬೆಲ್ಟ್, ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಶಾಖ ಮತ್ತು ಒಪಿಯಾಯ್ಡ್ ನೋವುನಿವಾರಕಗಳನ್ನು ರೂಢಿಯಾಗಿ ಬಳಸುವುದು ಬೇಡವೆಂದಿದೆ.

ಯಾವ ವ್ಯಾಯಾಮ? ನೀವು ಬಿಡದೆ ಮಾಡುವಂಥದ್ದು. ನಡಿಗೆ, ಈಜು, ಯೋಗ, ಫಿಸಿಯೋಥೆರಪಿಸ್ಟ್ ಕಲಿಸಿದ ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳ ವ್ಯಾಯಾಮ ಯಾವುದಾದರೂ ಆದೀತು. ಆಸ್ಟ್ರೇಲಿಯಾದಲ್ಲಿ 701 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ರಮಬದ್ಧವಾಗಿ ನಡಿಗೆ ರೂಢಿಸಿಕೊಂಡವರಿಗೆ ನೋವು ಮರಳಲು ಸರಾಸರಿ 208 ದಿನ ಹಿಡಿದರೆ, ಉಳಿದವರಿಗೆ 112 ದಿನಗಳಲ್ಲೇ ಮರಳಿತು. ಹತ್ತು ನಿಮಿಷದಿಂದ ಆರಂಭಿಸಿ ವಾರವಾರಕ್ಕೂ ಸ್ವಲ್ಪ ಹೆಚ್ಚಿಸಿ. ಆರಂಭದಲ್ಲಿ ತುಸು ನೋವು ಹೆಚ್ಚಿದರೆ ಅದು ಹಾನಿಯ ಲಕ್ಷಣವಲ್ಲ.

ಕೂತು ಕೆಲಸ ಮಾಡುವವರು ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ನಿಂತು ಕೆಲಸ ಮಾಡುವವರು ಒಂದು ಕಾಲನ್ನು ಚಿಕ್ಕ ಮಣೆಯ ಮೇಲಿಟ್ಟು ಆಗಾಗ ಬದಲಿಸಿ. ಭಾರ ಎತ್ತುವಾಗ ವಸ್ತುವನ್ನು ಮೈಗೆ ಹತ್ತಿರ ಹಿಡಿಯಿರಿ, ಎತ್ತುತ್ತಲೇ ಸೊಂಟ ತಿರುಗಿಸಬೇಡಿ. ಧೂಮಪಾನ ಬಿಡಿ, ತೂಕ ಹೆಚ್ಚಿದ್ದರೆ ಇಳಿಸಿ.

ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ತಾವಾಗಿ ನುಂಗುವುದು ಅಪಾಯ. ಹೊಟ್ಟೆಹುಣ್ಣು, ರಕ್ತಸ್ರಾವ, ಕಿಡ್ನಿ ಹಾನಿ ಆಗಬಹುದು. ಬಿಪಿ, ಮಧುಮೇಹ, ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರು ವಿಶೇಷ ಎಚ್ಚರ ವಹಿಸಬೇಕು. ಹೆಸರು, ಲೇಬಲ್ ಇಲ್ಲದ ‘ವಾತದ ಪುಡಿ’ಗಳಿಂದಲೂ ದೂರವಿರಿ. ಇಂಥ ಕೆಲವು ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸಿರುವುದು ಪತ್ತೆಯಾಗಿದೆ. ನೋವು ತಕ್ಷಣ ಇಳಿಯುತ್ತದೆ, ಮೂಳೆ ಮಾತ್ರ ಒಳಗೊಳಗೇ ಟೊಳ್ಳಾಗುತ್ತದೆ.

ಪದೇ ಪದೇ ಕೇಳುವ ಪ್ರಶ್ನೆಗಳು

ಸಿಸೇರಿಯನ್ ವೇಳೆ ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ನಿಂದಲೇ ನನಗೆ ಸೊಂಟ ನೋವು ಬಂತೇ?

ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಆದರೆ ವರ್ಷಗಟ್ಟಲೆ ಉಳಿಯುವ ನೋವಿಗೂ ಆ ಇಂಜೆಕ್ಷನ್‌ಗೂ ಸಂಬಂಧ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಗರ್ಭಧಾರಣೆಯಲ್ಲಿ ಸಡಿಲವಾದ ಅಸ್ಥಿರಜ್ಜು, ಬಲ ಕಳೆದುಕೊಂಡ ಹೊಟ್ಟೆಯ ಸ್ನಾಯು, ಮಗುವನ್ನು ಎತ್ತುವುದು, ಬಾಗಿ ಹಾಲುಣಿಸುವುದು, ನಿದ್ರೆಗೇಡು ಇವೇ ಹೆಚ್ಚಿನ ಕಾರಣ. ಇಂಜೆಕ್ಷನ್ನನ್ನು ದೂರುತ್ತಾ ಕುಳಿತರೆ, ಸರಿಪಡಿಸಬಹುದಾದ ಈ ಕಾರಣಗಳು ಹಾಗೇ ಉಳಿಯುತ್ತವೆ.

ಬಿಳಿಸೆರಗಿನಿಂದ ಸೊಂಟ ನೋವು ಬರುತ್ತದೆಯೇ?

ಸಹಜ ಸ್ರಾವದಿಂದ ಮೂಳೆ ಕರಗುವುದಿಲ್ಲ, ಸೊಂಟವೂ ನೋಯುವುದಿಲ್ಲ. ದುರ್ವಾಸನೆ, ತುರಿಕೆ, ಕೆಳಹೊಟ್ಟೆ ನೋವು, ಜ್ವರ ಇದ್ದರೆ ಸೋಂಕಿರಬಹುದು, ಸ್ತ್ರೀರೋಗ ತಜ್ಞರಿಗೆ ತೋರಿಸಿ.

ಬರಿನೆಲದ ಮೇಲೆ ಮಲಗಿದರೆ ಒಳ್ಳೆಯದೇ?

ಅಗತ್ಯವಿಲ್ಲ. 2003ರಲ್ಲಿ ಸ್ಪೇನ್‌ನಲ್ಲಿ 313 ಜನರ ಮೇಲೆ ನಡೆದ ಅಧ್ಯಯನದಲ್ಲಿ ತೀರಾ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯಲ್ಲಿ ಮಲಗಿದವರಿಗೆ ಹೆಚ್ಚು ಆರಾಮ ಸಿಕ್ಕಿತು. ನೆಲದ ಮೇಲೆ ಮಲಗಿ ಏಳಲು ಕಷ್ಟಪಡುವ ಹಿರಿಯರಿಗೆ ಮಂಚವೇ ಸರಿ.

ಪೂರ್ತಿ ವಿಶ್ರಾಂತಿ ತೆಗೆದುಕೊಳ್ಳಬೇಕೇ?

ನೋವು ತೀರಾ ಜೋರಾಗಿದ್ದರೆ ಒಂದೆರಡು ದಿನ ಸಾಕು. ಅದಕ್ಕಿಂತ ಹೆಚ್ಚು ಮಲಗಿದರೆ ಚೇತರಿಕೆ ನಿಧಾನವಾಗುತ್ತದೆ.

ನೆನಪಿಡಿ

ದೀರ್ಘಕಾಲದ ಸೊಂಟ ನೋವಿಗೆ ಒಂದೇ ಕಾರಣವಿಲ್ಲ, ಎಲ್ಲರಿಗೂ ಒಂದೇ ಔಷಧಿಯೂ ಇಲ್ಲ. ಮೊದಲು ಮೇಲಿನ ಅಪಾಯದ ಲಕ್ಷಣಗಳ ಪಟ್ಟಿಯನ್ನು ನಿಮ್ಮ ನೋವಿನೊಂದಿಗೆ ಹೋಲಿಸಿ ನೋಡಿ. ಅವುಗಳಲ್ಲಿ ಯಾವುದಿದ್ದರೂ ಇಂದೇ ಅಪಾಯಿಂಟ್‌ಮೆಂಟ್ ಪಡೆಯಿರಿ. ಯಾವುದೂ ಇಲ್ಲದಿದ್ದರೆ ನಿಧಾನವಾಗಿ ಓಡಾಟ ಹೆಚ್ಚಿಸಿ, ಮೂರು ತಿಂಗಳು ದಾಟಿದ ನೋವನ್ನು ಒಮ್ಮೆ ವೈದ್ಯರಿಗೆ ತೋರಿಸಿ. ಈ ಲೇಖನ ಮಾಹಿತಿಗಾಗಿ ಮಾತ್ರ, ವೈದ್ಯರ ಪರೀಕ್ಷೆ ಮತ್ತು ಸಲಹೆಗೆ ಇದು ಬದಲಿಯಲ್ಲ.